ನೀರನ್ನೇ ಗೇರ್ ಮಾಡಿದ ಫೊಟಿಂಗರ್

ನಮ್ಮ ಸೋದರಮಾವನಿಗೆ ಎಡಗಾಲಿನ ಮಂಡಿನೋವು. ಬೆಂಗಳೂರಿನ ಟ್ರಾಫಿಕ್ಕಲ್ಲಿ ಕ್ಲಚ್ ತುಳಿದೂ ತುಳಿದೂ ಸಾಕಾಗಿ, ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ತಗೊಂಡ್ರು. ಆರು ತಿಂಗಳು ಚೆನ್ನಾಗೇ ಓಡಿತು. ಆಮೇಲೆ ಸಿಗ್ನಲ್ ಬಿಟ್ಟು ಹೊರಟಾಗೆಲ್ಲ, ಒಂದನೇ ಗೇರಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್ ಶುರುವಾಯ್ತು. ಒಂದು ವರ್ಕ್‌ಶಾಪಲ್ಲಿ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು, ಲಕ್ಷದ ಮೇಲಾಗತ್ತೆ ಅಂದುಬಿಟ್ಟರು. ಮಾವ ಕಾರು ಮಾರೋ ಯೋಚನೆಗೆ ಬಿದ್ದರು.

ಪರಿಚಯದ ಹಳೇ ಮೆಕ್ಯಾನಿಕ್ ಒಬ್ಬರು, ಮೊದಲು ಆಯಿಲ್ ನೋಡೋಣ ಸಾರ್, ಬಿಚ್ಚೋದು ಇದ್ದೇ ಇದೆ ಅಂದ್ರು. ಕೆಳಗಿನ ಬೋಲ್ಟ್ ತೆಗೆದರೆ, ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ ಬಣ್ಣದಲ್ಲಿ ಬಂತು. ಅವರು ಮೂಸಿ ನೋಡಿದರು, ಸೀದ ವಾಸನೆ ಇಲ್ಲ. ಬೆರಳಲ್ಲಿ ಉಜ್ಜಿದರು, ಲೋಹದ ಚೂರು ಇಲ್ಲ. ಹಾಗಾದರೆ ಒಳಗಿನ ಕ್ಲಚ್ಚು ಇನ್ನೂ ಬದುಕಿದೆ, ಎಣ್ಣೆಗೆ ಮಾತ್ರ ವಯಸ್ಸಾಗಿದೆ ಅಂದರು. ಆದರೆ ಗೇರ್‌ಬಾಕ್ಸಿಗೆ ಹಿಡಿಯೋದರಲ್ಲಿ ಹತ್ತಿರ ಹತ್ತಿರ ಅರ್ಧ ಮಾತ್ರ ಇಳಿದಿತ್ತು. ಉಳಿದದ್ದೆಲ್ಲಿ ಅಂತ ನಾನು ಕೇಳಿದೆ. ಟಾರ್ಕ್ ಕನ್ವರ್ಟರ್ ಒಳಗಿದೆ, ಅದು ಸುಮ್ಮನೆ ಬೀಳಲ್ಲ ಅಂದರು.

ಸೆಮಿಸ್ಟರಿನಲ್ಲಿ ನಾವು ಎರಡು ಮಾರ್ಕಿನ ಪ್ರಶ್ನೆಗೆ ಬರೆದು ಮರೆತುಬಿಡೋ ಆ ಟಾರ್ಕ್ ಕನ್ವರ್ಟರನ್ನು ಕಂಡುಹಿಡಿದವನ ಕಥೆ ಹುಡುಕಿದ್ದು ಅವತ್ತು ರಾತ್ರಿ. ಅವನ ತಲೆಯಲ್ಲಿ ಕಾರು ಇರಲೇ ಇಲ್ಲ. ಇದ್ದದ್ದು ಹಡಗು.

ಹರ್ಮನ್ ಫೊಟಿಂಗರ್ ಹುಟ್ಟಿದ್ದು 1877ರ ಫೆಬ್ರವರಿ 9ರಂದು, ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಮ್ಯೂನಿಕ್ಕಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಓದಿದ್ದು ಎಲೆಕ್ಟ್ರಿಕಲ್. (ಬ್ರಾಂಚ್ ನೋಡಿ ಭವಿಷ್ಯ ಹೇಳುವ ನೆಂಟರು ಇದನ್ನು ಗಮನಿಸಬೇಕು.) 1899ರಲ್ಲಿ ಬಾಲ್ಟಿಕ್ ಕಡಲ ಕಡೆಯ ಸ್ಟೆಟಿನ್ ಊರಿನ ವಲ್ಕನ್ ಹಡಗು ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಮೊದಲು ಹೆಸರು ತಂದದ್ದು ಒಂದು ಅಳತೆಯ ಉಪಕರಣ. ಓಡುತ್ತಿರುವ ಹಡಗಿನ ಶಾಫ್ಟ್ ಎಷ್ಟು ತಿರುಚಿಕೊಳ್ಳುತ್ತದೆ ಅಂತ ಅಳೆದು, ಅದರಿಂದ ಪ್ರೊಪೆಲ್ಲರಿಗೆ ಹೋಗುವ ಶಕ್ತಿಯನ್ನು ಲೆಕ್ಕ ಹಾಕುವ ಉಪಾಯ ಅದು.

ಆಗ ಹಡಗುಗಳಿಗೆ ಹಬೆಯ ಟರ್ಬೈನ್ ಬರುತ್ತಿದ್ದ ಕಾಲ. ಟರ್ಬೈನಿಗೆ ವೇಗವಾಗಿ ತಿರುಗಿದರೇ ಸುಖ. ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಬೇಕು, ಇಲ್ಲದಿದ್ದರೆ ನೀರನ್ನು ಸುಮ್ಮನೆ ಕಡೆಯುತ್ತದೆ ಅಷ್ಟೆ. ಸಾಲದ್ದಕ್ಕೆ ಟರ್ಬೈನ್ ಹಿಂದಕ್ಕೆ ತಿರುಗುವುದಿಲ್ಲ, ಹಡಗು ಹಿಂದಕ್ಕೂ ಹೋಗಬೇಕು. ಸಾವಿರಾರು ಅಶ್ವಶಕ್ತಿ ತಡೆಯುವ ಹಲ್ಲಿನ ಗೇರುಗಳನ್ನು ನಂಬಿಕೆಯಿಂದ ಮಾಡುವ ಕೌಶಲ ಆಗಿನ್ನೂ ಬಂದಿರಲಿಲ್ಲ.

ಎಲೆಕ್ಟ್ರಿಕಲ್ ಓದಿದವನಿಗೆ ಮೊದಲು ಹೊಳೆದದ್ದು ಕರೆಂಟೇ. ಟರ್ಬೈನಿಗೊಂದು ಜನರೇಟರ್, ಪ್ರೊಪೆಲ್ಲರಿಗೊಂದು ಮೋಟರ್. ಆದರೆ ತೂಕ ವಿಪರೀತ, ದುಡ್ಡೂ ವಿಪರೀತ. ಆಗ ಅವನು ಜನರೇಟರ್ ಜಾಗದಲ್ಲಿ ಪಂಪನ್ನೂ, ಮೋಟರ್ ಜಾಗದಲ್ಲಿ ನೀರಿನ ಟರ್ಬೈನನ್ನೂ, ವೈರಿನ ಬದಲು ಪೈಪನ್ನೂ ಇಟ್ಟು ಯೋಚಿಸಿದ. ಲೆಕ್ಕ ಹಾಕಿದರೆ ನಷ್ಟ ಜಾಸ್ತಿ. ಪಂಪಿನಿಂದ ಹೊರಬಿದ್ದ ನೀರಿನ ರಭಸವೆಲ್ಲ ಪೈಪು, ತಿರುವುಗಳಲ್ಲೇ ಖರ್ಚಾಗುತ್ತಿತ್ತು. ಇಲ್ಲಿ ಅವನು ಮಾಡಿದ ಕೆಲಸ ನನಗೆ ಇವತ್ತಿಗೂ ಚಂದ ಅನ್ನಿಸೋದು: ಪೈಪನ್ನೇ ತೆಗೆದುಹಾಕಿದ. ಪಂಪಿನ ಚಕ್ರ, ಟರ್ಬೈನಿನ ಚಕ್ರ ಎರಡನ್ನೂ ಒಂದೇ ಡಬ್ಬಿಯೊಳಗೆ ಎದುರುಬದುರು ಇಟ್ಟ. ಮಧ್ಯೆ ನೀರಿನ ದಿಕ್ಕು ತಿರುಗಿಸುವ, ತಾನು ಅಲುಗಾಡದ ರೆಕ್ಕೆಗಳ ಸಾಲೊಂದು. ಪಂಪ್ ಎಸೆದ ನೀರು ನೇರ ಟರ್ಬೈನಿಗೆ, ಅಲ್ಲಿಂದ ಈ ರೆಕ್ಕೆಗಳ ಮೂಲಕ ಮತ್ತೆ ಪಂಪಿಗೆ. ಎರಡು ಶಾಫ್ಟುಗಳ ನಡುವೆ ಲೋಹಕ್ಕೆ ಲೋಹ ಮುಟ್ಟುವುದೇ ಇಲ್ಲ. ಆದರೂ ವೇಗ ಇಳಿದು ತಿರುಚುಬಲ ಏರುತ್ತದೆ. 1905ರ ಜೂನ್ 24ರ ಪೇಟೆಂಟ್ ಇದಕ್ಕೇ. ಆಗ ಅವನಿಗೆ 28 ವರ್ಷ.

ಮಧ್ಯದ ಆ ರೆಕ್ಕೆಗಳ ಸಾಲನ್ನು ತೆಗೆದರೆ ತಿರುಚುಬಲ ಹೆಚ್ಚುವುದಿಲ್ಲ, ಆದರೆ ಶಕ್ತಿ ಮೆತ್ತಗೆ ದಾಟುತ್ತದೆ. ಅದು ಫ್ಲೂಯಿಡ್ ಕಪ್ಲಿಂಗ್. ಅದೂ ಇವನದೇ.

ಹಡಗಿನ ಮೇಲೆ ಪ್ರಯೋಗ ನಡೆಯಿತು. ವಲ್ಕನ್ ಕಟ್ಟಿದ ಕ್ಯೋನಿಗಿನ್ ಲೂಯಿಸೆ ಅನ್ನುವ ಪ್ರವಾಸಿ ಹಡಗು 1913ರಲ್ಲಿ ಈ ಯಂತ್ರದೊಂದಿಗೆ ನೀರಿಗಿಳಿಯಿತು. ಮರುವರ್ಷ ಯುದ್ಧ ಶುರುವಾಯ್ತು. ಹೆಲ್ಗೊಲಾಂಡ್ ದ್ವೀಪಕ್ಕೆ ಜನರನ್ನು ಸುತ್ತಾಡಿಸುತ್ತಿದ್ದ ಹಡಗಿಗೆ ನೌಕಾಪಡೆ ಮೈನ್ ತುಂಬಿ ಕಳಿಸಿತು. 1914ರ ಆಗಸ್ಟ್ 5ಕ್ಕೆ ಬ್ರಿಟಿಷ್ ನೌಕೆಗಳು ಅದನ್ನು ಮುಳುಗಿಸಿದವು. ಅಷ್ಟರಲ್ಲಿ ಹಲ್ಲಿನ ಗೇರುಗಳೂ ಚೆನ್ನಾಗಿ ಬರತೊಡಗಿದ್ದವು. ಗೇರಿನಲ್ಲಿ ನಷ್ಟ ನೂರಕ್ಕೆ ಎರಡೋ ಮೂರೋ. ನೀರಿನ ಡಬ್ಬಿಯ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು. ಹಡಗಿನ ಕಂಪನಿಗಳಿಗೆ ಕಲ್ಲಿದ್ದಲಿನ ಲೆಕ್ಕವೇ ಲೆಕ್ಕ. ಯಾವ ಕೆಲಸಕ್ಕಾಗಿ ಕಂಡುಹಿಡಿದನೋ ಆ ಕೆಲಸದಲ್ಲಿ ಫೊಟಿಂಗರ್ ಸೋತ.

ಅವನು ಅಷ್ಟರೊಳಗೆ ಮೇಷ್ಟ್ರಾಗಿದ್ದ. 1909ರಿಂದ ಡಾನ್‌ಜಿಗ್, 1924ರಿಂದ ಬರ್ಲಿನ್. ದ್ರವಗಳ ಹರಿವಿನ ಪಾಠ, ಸಂಶೋಧನೆ, ಸಾಲು ಸಾಲು ಪೇಟೆಂಟು.

ಅವನ ಡಬ್ಬಿಗೆ ಮರುಜೀವ ಬಂದದ್ದು ರಸ್ತೆಯ ಮೇಲೆ. ಲಂಡನ್ನಿನ ಬಸ್ಸುಗಳು ಹೊರಡುವಾಗ ಕೊಡುವ ಜರ್ಕಿಗೆ ಬೇಸತ್ತ ಹೆರಾಲ್ಡ್ ಸಿಂಕ್ಲೇರ್ ಎಂಬ ಇಂಜಿನಿಯರ್ 1920ರ ದಶಕದಲ್ಲಿ ಫ್ಲೂಯಿಡ್ ಕಪ್ಲಿಂಗಿನ ಬೆನ್ನು ಹತ್ತಿದ. 1930ರಲ್ಲಿ ಅದು ಡೈಮ್ಲರ್ ಕಾರಿಗೆ ಬಂತು. ನಮ್ಮ ಸಿಟಿ ಬಸ್ಸಲ್ಲಿ ಕಂಬಿ ಹಿಡಿದು ನಿಂತವರಿಗೆ ಸಿಂಕ್ಲೇರನ ಸಂಕಟ ಬಿಡಿಸಿ ಹೇಳಬೇಕಿಲ್ಲ! ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ 1928ರ ಹೊತ್ತಿಗೆ ಮೂವರು ಸೇರಿ ಮಧ್ಯದ ರೆಕ್ಕೆಗಳನ್ನು ಒಂದೇ ಕಡೆಗೆ ತಿರುಗುವ ಫ್ರೀವೀಲಿನ ಮೇಲೆ ಕೂರಿಸಿದರು. ಹೊರಡುವಾಗ ಕನ್ವರ್ಟರ್, ವೇಗ ಹಿಡಿದ ಮೇಲೆ ಕಪ್ಲಿಂಗ್. ಹಡಗಲ್ಲಿ ದೋಷವಾಗಿದ್ದ ಜಾರುವಿಕೆ ಕಾರಲ್ಲಿ ಗುಣವಾಯಿತು. ಬ್ರೇಕ್ ಹಿಡಿದು ನಿಂತಾಗ ಇಂಜಿನ್ ಆಫ್ ಆಗದೆ ಇರೋದೇ ಅದರಿಂದ. ಅಮೆರಿಕದಲ್ಲಿ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರು ಕಪ್ಲಿಂಗ್ ಇಟ್ಟುಕೊಂಡು ತಾನೇ ಗೇರ್ ಬದಲಿಸತೊಡಗಿತು. ಯುದ್ಧದ ನಂತರ ಬ್ಯೂಕ್ ಕಾರಿಗೆ ಟಾರ್ಕ್ ಕನ್ವರ್ಟರೇ ಬಂತು.

ಫೊಟಿಂಗರ್ ಅದನ್ನು ನೋಡಲಿಲ್ಲ. 1945ರ ಏಪ್ರಿಲ್ 28ರಂದು, ಬರ್ಲಿನ್ ಬೀಳುವುದಕ್ಕೆ ಇನ್ನು ನಾಲ್ಕೇ ದಿನ ಇದ್ದಾಗ, ಸಿಡಿದ ಶೆಲ್ಲಿನ ಚೂರು ತಗುಲಿ ತೀರಿಕೊಂಡ. 68 ವರ್ಷ.

ಮಾವನ ಕಾರಿಗೆ ಬರ್ತೀನಿ. ಫೊಟಿಂಗರನ ಹಡಗಿನಲ್ಲಿ ನೀರು ಮಾಡುತ್ತಿದ್ದದ್ದು ಒಂದೇ ಕೆಲಸ. ಕಾರಿನ ಗೇರ್‌ಬಾಕ್ಸ್ ಎಣ್ಣೆಗೆ ನಾಲ್ಕು ಕೆಲಸ: ಕನ್ವರ್ಟರಲ್ಲಿ ಶಕ್ತಿ ದಾಟಿಸಬೇಕು, ಅಲ್ಲಿ ಹುಟ್ಟುವ ಶಾಖ ಹೊರಬೇಕು, ವಾಲ್ವುಗಳ ಮೂಲಕ ಒತ್ತಡವಾಗಿ ಹೋಗಿ ಕ್ಲಚ್ಚುಗಳನ್ನು ಹಿಡಿಸಬೇಕು, ಆ ಕ್ಲಚ್ ಪ್ಲೇಟುಗಳು ಧಡ್ ಅಂತ ಕಚ್ಚದೆ ಹದವಾಗಿ ಜಾರಿ ಹಿಡಿಯುವಂತೆ ನೋಡಿಕೊಳ್ಳಬೇಕು. ಕೊನೆಯದಕ್ಕಾಗಿ ಬೆರೆಸಿರುವ ರಾಸಾಯನಿಕಗಳು ಬಿಸಿಗೆ ಬೇಗ ಸವೆಯುತ್ತವೆ. 1970ರ ದಶಕದ ಆರಂಭದವರೆಗೂ ಆ ಹದಕ್ಕೆ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರಂತೆ ಅಂದರೆ ನಂಬ್ತೀರಾ? ಅದು ಸವೆದಾಗ ಬರೋದೇ ಮಾವ ಅನುಭವಿಸಿದ ಗುದ್ದು. ಎಲ್ಲ ಜರ್ಕಿಗೂ ಎಣ್ಣೆಯೇ ಔಷಧಿ ಅಲ್ಲ. ಪ್ಲೇಟೇ ಸುಟ್ಟಿದ್ದರೆ ಹೊಸ ಎಣ್ಣೆ ಏನೂ ಮಾಡಲ್ಲ.

ಮೆಕ್ಯಾನಿಕ್ ಕಂಪನಿ ಪುಸ್ತಕದಲ್ಲಿ ಹೇಳಿದ ನಂಬರಿನ ಎಣ್ಣೆಯನ್ನೇ ತರಿಸಿದರು. ಇಳಿದಷ್ಟನ್ನೇ ಅಳೆದು ತುಂಬಿಸಿ, ಒಂದು ವಾರ ಓಡಿಸಿಕೊಂಡು ಬನ್ನಿ ಅಂದರು. ಕನ್ವರ್ಟರಲ್ಲಿ ಉಳಿದ ಹಳೇದು ಹೊಸದರ ಜೊತೆ ಬೆರೆಯಲಿ ಅಂತ. ಜರ್ಕ್ ಅರ್ಧ ಇಳಿದಿತ್ತು. ವಾರ ಬಿಟ್ಟು ಮತ್ತೆ ಇಳಿಸಿ ತುಂಬಿಸಿದರು, ಇನ್ನೊಂದು ವಾರಕ್ಕೆ ಮತ್ತೊಮ್ಮೆ. ಮೂರನೇ ಸಲ ಬೋಲ್ಟ್ ತೆಗೆದಾಗ ನಾನೂ ಕೆಳಗೆ ಬಗ್ಗಿ ನೋಡಿದೆ. ಬರುತ್ತಿದ್ದ ಎಣ್ಣೆ ಕೆಂಪಗಿತ್ತು.