ರಕ್ತದ ಬಣ್ಣ ಓದಿದ ಗಣಿತಜ್ಞ: ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್

ಕತ್ತಲಾದ ಮೇಲೆ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮೊಬೈಲ್ ಟಾರ್ಚ್ ಹಚ್ಚಿ, ಅದರ ಮೇಲೆ ಬೆರಳಿನ ತುದಿ ಇಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಒಳಗೆ ಹೋದದ್ದು ಬಿಳಿ ಬೆಳಕು, ಹೊರಗೆ ಬಂದದ್ದು ಕೆಂಪು. ಉಳಿದ ಬಣ್ಣಗಳನ್ನು ಬಹುಮಟ್ಟಿಗೆ ರಕ್ತ ಹೀರಿಕೊಂಡಿತು. ಇನ್ನೊಂದು ಸಂಗತಿ ಗಮನಿಸಿ: ಬೆರಳಿನೊಳಗೆ ಮೂಳೆ ಇದ್ದರೂ ಅದರ ಸ್ಪಷ್ಟ ನೆರಳು ಕಾಣುವುದಿಲ್ಲ. ಬೆಳಕು ನೇರವಾಗಿ ದಾಟಿ ಬಂದಿಲ್ಲ, ಹಾಲಿನ ಲೋಟದೊಳಗೆ ಹೊಕ್ಕ ಹಾಗೆ ದಿಕ್ಕುದಿಕ್ಕಿಗೆ ಚದುರಿ ಬಂದಿದೆ. ಹೀರುವಿಕೆ ಮತ್ತು ಚದುರುವಿಕೆ, ದೇಹದೊಳಗೆ ಬೆಳಕಿಗೆ ಮುಖ್ಯವಾಗಿ ಆಗುವುದು ಇವೆರಡೇ.

ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೆ ಬಂದ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವುದು ಇದರ ಮೇಲೆಯೇ. ಅದು ಉಸಿರನ್ನು ಅಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಅಳೆಯುವುದು ರಕ್ತದ ಬಣ್ಣವನ್ನು. ಆ ಬಣ್ಣಕ್ಕೂ ಆಮ್ಲಜನಕಕ್ಕೂ ಇರುವ ನಂಟನ್ನು 1864ರಲ್ಲಿ ಖಚಿತವಾಗಿ ತೋರಿಸಿಕೊಟ್ಟವರು ವೈದ್ಯರಲ್ಲ, ಕೇಂಬ್ರಿಡ್ಜ್‌ನ ಒಬ್ಬ ಗಣಿತ ಪ್ರಾಧ್ಯಾಪಕರು.

ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಹುಟ್ಟಿದ್ದು 1819ರ ಆಗಸ್ಟ್ 13ರಂದು, ಐರ್ಲೆಂಡಿನ ಸ್ಲೈಗೋ ಪ್ರಾಂತ್ಯದ ಸ್ಕ್ರೀನ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಮಕ್ಕಳಲ್ಲಿ ಇವರೇ ಕಿರಿಯರು. ಡಬ್ಲಿನ್ ಮತ್ತು ಬ್ರಿಸ್ಟಲ್‌ನಲ್ಲಿ ಓದಿ, 1837ರಲ್ಲಿ ಕೇಂಬ್ರಿಡ್ಜ್‌ನ ಪೆಂಬ್ರೋಕ್ ಕಾಲೇಜು ಸೇರಿದರು. 1841ರ ಗಣಿತ ಪರೀಕ್ಷೆಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲಿಗರಾದರು. 1849ರಲ್ಲಿ, ಮೂವತ್ತು ವರ್ಷಕ್ಕೆ, ಹಿಂದೆ ನ್ಯೂಟನ್ ಕುಳಿತಿದ್ದ ಲ್ಯುಕೇಸಿಯನ್ ಪೀಠ ಸಿಕ್ಕಿತು. ಸಾಯುವ ತನಕ, ಐವತ್ತಕ್ಕೂ ಹೆಚ್ಚು ವರ್ಷ, ಅದೇ ಹುದ್ದೆಯಲ್ಲಿದ್ದರು. ಪೀಠ ದೊಡ್ಡದು, ಸಂಬಳ ಸಣ್ಣದು. ಹಾಗಾಗಿ ಕೆಲವು ವರ್ಷ ಲಂಡನ್ನಿನ ಗಣಿ ಶಾಲೆಯಲ್ಲೂ ಪಾಠ ಹೇಳಿದರು.

ಮಾತು ಕಡಿಮೆ, ಪತ್ರ ಮಾತ್ರ ಉದ್ದ. 1857ರಲ್ಲಿ ಮೇರಿ ರಾಬಿನ್ಸನ್ ಎಂಬುವರೊಂದಿಗೆ ಮದುವೆ ನಿಶ್ಚಯವಾದಾಗ, ಒಂದು ಲೆಕ್ಕ ಬಿಡಿಸಲು ನಡುರಾತ್ರಿ ಕಳೆದರೂ ಎದ್ದಿದ್ದೆನೆಂದು ಭಾವಿ ಪತ್ನಿಗೆ ಬರೆದವರು ಇವರು. ಪುಟಗಟ್ಟಲೆಯ ಆ ಪತ್ರಗಳನ್ನು ಓದಿ ಆಕೆ ಮದುವೆಗೇ ಹಿಂಜರಿದಿದ್ದರಂತೆ. ಕೊನೆಗೆ ಮದುವೆ ನಡೆಯಿತು. ಮನೆಯ ಉಗ್ರಾಣದ ಹಿಂದೆ ಒಂದು ಕಿರಿದಾದ ಓಣಿ ಇತ್ತು. ಅಲ್ಲಿನ ಕಿಟಕಿಗೆ ಸೀಳು ಬಿಟ್ಟ ಹಲಗೆ ಅಡ್ಡ ಹಾಕಿ, ಒಳಬರುವ ಬಿಸಿಲಿನ ಗೆರೆಯಲ್ಲಿ ಗಾಜಿನ ಪಟ್ಟಕಗಳನ್ನಿಟ್ಟು ಬೆಳಕಿನ ಪ್ರಯೋಗ ಮಾಡುತ್ತಿದ್ದರು. ಅಷ್ಟೇ ಪ್ರಯೋಗಾಲಯ.

ಅವರ ಹೆಸರು ನಮ್ಮ ಆಸ್ಪತ್ರೆ ಕಾಗದಗಳಲ್ಲಿ ಕಾಣುವುದಿಲ್ಲ, ಆದರೆ ಕೆಲಸ ಕಾಣುತ್ತದೆ. ದ್ರವದೊಳಗೆ ಸಣ್ಣ ಗೋಲಿ ಎಷ್ಟು ವೇಗವಾಗಿ ಮುಳುಗುತ್ತದೆ ಎಂಬ ಅವರ ನಿಯಮದಿಂದಲೇ, ಇಎಸ್‌ಆರ್ ಪರೀಕ್ಷೆಯಲ್ಲಿ ಅಂಟಿಕೊಂಡ ಕೆಂಪು ಕಣಗಳು ಬೇಗ ತಳ ಸೇರುವುದೇಕೆ ಎಂದು ವಿವರಿಸುತ್ತಾರೆ. 1852ರಲ್ಲಿ ಅವರು ಕ್ವಿನೈನ್ ದ್ರಾವಣವನ್ನು ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ಹಿಡಿದರು, ಅದು ನೀಲಿಯಾಗಿ ಹೊಳೆಯಿತು. ಈ ಹೊಳಪಿಗೆ ಫ್ಲೋರೊಸೆನ್ಸ್ ಎಂದು ಹೆಸರಿಟ್ಟವರು ಅವರೇ. ಸಕ್ಕರೆ ಕಾಯಿಲೆಯವರಿಗೆ ಹಳದಿ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಕಣ್ಣಿನ ಆಂಜಿಯೋಗ್ರಾಮ್ ನಡೆಯುವುದು ಅದೇ ಗುಣದಿಂದ.

ಇನ್ನು ರಕ್ತದ ವಿಷಯ. 1862ರಲ್ಲಿ ಜರ್ಮನಿಯ ಫೆಲಿಕ್ಸ್ ಹೋಪೆ-ಸೈಲರ್ ಅವರು ನೀರು ಬೆರೆಸಿದ ರಕ್ತದ ಮೂಲಕ ಬೆಳಕು ಹಾಯಿಸಿ, ಕಾಮನಬಿಲ್ಲಿನ ಬಣ್ಣಗಳ ನಡುವೆ, ಹಳದಿ ಮತ್ತು ಹಸಿರಿನ ಜಾಗದಲ್ಲಿ, ಎರಡು ಕಪ್ಪು ಪಟ್ಟಿಗಳನ್ನು ಕಂಡಿದ್ದರು. ರಕ್ತ ಹೀರಿಕೊಂಡ ಬಣ್ಣಗಳು ಅವು. ಆ ಬರಹ ಸ್ಟೋಕ್ಸ್ ಕಣ್ಣಿಗೆ ಬಿತ್ತು. ಶ್ವಾಸಕೋಶದಿಂದ ಬರುವ ರಕ್ತ ಕಡುಗೆಂಪು, ಹಿಂತಿರುಗುವ ರಕ್ತ ಮಂಕು ಎಂಬುದು ಹಳೆಯ ಸಂಗತಿ. ಹಾಗಾದರೆ ಆ ಪಟ್ಟಿಗಳೂ ಬದಲಾಗಬೇಕಲ್ಲ?

ಅವರು ಮಾಡಿದ್ದು ಸರಳ. ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣಕ್ಕೆ ಟಾರ್ಟಾರಿಕ್ ಆಮ್ಲ ಬೆರೆಸಿ, ಕ್ಷಾರ ಸೇರಿಸಿ, ಆಮ್ಲಜನಕವನ್ನು ಕಸಿದುಕೊಳ್ಳುವ ಒಂದು ದ್ರಾವಣ ತಯಾರಿಸಿದರು. ಅದನ್ನು ರಕ್ತದ ದ್ರಾವಣಕ್ಕೆ ಹಾಕಿದೊಡನೆ ಬಣ್ಣ ನೇರಳೆಗೆ ತಿರುಗಿತು. ಎರಡು ಪಟ್ಟಿಗಳು ಮಾಯವಾಗಿ, ಅವುಗಳ ನಡುವೆ ಅಗಲವಾದ, ಅಂಚು ಮಸುಕಾದ ಒಂದೇ ಪಟ್ಟಿ ಮೂಡಿತು. ಗಾಳಿ ಸೇರುವಂತೆ ಕುಲುಕಿದರೆ ಕೆಂಪು ಮರಳಿತು, ಎರಡು ಪಟ್ಟಿಗಳೂ ಮರಳಿದವು. ಆಮ್ಲಜನಕ ರಕ್ತದ ನೀರಿನಲ್ಲಿ ಬರೀ ಕರಗಿರುವುದಲ್ಲ, ರಕ್ತದ ಬಣ್ಣವೇ ಅದನ್ನು ಹಿಡಿಯುತ್ತದೆ, ಬಿಡುತ್ತದೆ ಎಂದು ಇದರಿಂದ ಸ್ಪಷ್ಟವಾಯಿತು. ಆ ಬಣ್ಣಕ್ಕೆ ಸ್ಟೋಕ್ಸ್ ಕ್ರೂರೀನ್ ಎಂದು ಹೆಸರಿಟ್ಟರು. ಅದೇ ವರ್ಷ ಹೋಪೆ-ಸೈಲರ್ ಕೊಟ್ಟ ಹೆಸರು ಹಿಮೋಗ್ಲೋಬಿನ್. ಉಳಿದದ್ದು ಯಾವುದೆಂದು ನಿಮ್ಮ ರಕ್ತ ಪರೀಕ್ಷೆಯ ವರದಿಯೇ ಹೇಳುತ್ತದೆ.

ಈ ವಿಷಯವನ್ನು ಅವರು ಮುಂದೆ ಹೆಚ್ಚು ಬೆಳೆಸಲಿಲ್ಲ. 1854ರಿಂದ 1885ರ ತನಕ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿ, ಇತರರ ಬರಹಗಳನ್ನು ಓದಿ ತಿದ್ದುವುದರಲ್ಲಿ ಅವರ ಬಹಳಷ್ಟು ಸಮಯ ಹೋಯಿತು. ವಿಜ್ಞಾನಕ್ಕೆ ಇದು ನಷ್ಟ ಎಂದವರಿದ್ದಾರೆ. ತಿದ್ದಿಸಿಕೊಂಡವರು ಹಾಗೆ ಅಂದುಕೊಂಡಿರಲಾರರು. ಮುಂದೆ ಅದೇ ಸೊಸೈಟಿಯ ಅಧ್ಯಕ್ಷರೂ, ಪಾರ್ಲಿಮೆಂಟ್ ಸದಸ್ಯರೂ ಆಗಿ, 1903ರ ಫೆಬ್ರವರಿ 1ರಂದು ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು.

ಗಾಜಿನ ಕೊಳವೆಯಲ್ಲಿ ಕಂಡದ್ದು ಬೆರಳಿಗೆ ಬರಲು ಮತ್ತೆ ಹಲವು ದಶಕ ಬೇಕಾಯಿತು. ಸ್ಟೋಕ್ಸ್ ನೋಡಿದ್ದು ತಿಳಿಯಾದ ದ್ರಾವಣ. ಜೀವಂತ ಬೆರಳಿನಲ್ಲಿ ಚರ್ಮ, ಕೊಬ್ಬು, ಮೂಳೆ ಎಲ್ಲವೂ ಬೆಳಕನ್ನು ಚದುರಿಸುತ್ತವೆ. ಒಬ್ಬೊಬ್ಬರ ಬೆರಳು ಒಂದೊಂದು ದಪ್ಪ. ಹಸಿರು ಬೆಳಕನ್ನು ರಕ್ತ ತುಂಬಾ ಹೀರುವುದರಿಂದ ಅದು ಬೆರಳಿನ ಆಚೆ ಬದಿಗೆ ತಲುಪುವುದೇ ಕಷ್ಟ. ಆದ್ದರಿಂದ ಇಂದಿನ ಆಕ್ಸಿಮೀಟರ್‌ಗಳಲ್ಲಿ ಸುಮಾರು 660 ನ್ಯಾನೋಮೀಟರ್‌ನ ಕೆಂಪು ಬೆಳಕು ಮತ್ತು ಸುಮಾರು 940 ನ್ಯಾನೋಮೀಟರ್‌ನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇರುತ್ತವೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಕಡಿಮೆ ಹೀರುತ್ತದೆ, ಹೊರದ್ದು ಹೆಚ್ಚು ಹೀರುತ್ತದೆ. ಅವಕೆಂಪಿನಲ್ಲಿ ಇದು ತಿರುಗುಮುರುಗು. ಉಳಿದ ತೊಡಕನ್ನು 1970ರ ದಶಕದ ಆರಂಭದಲ್ಲಿ ಬಿಡಿಸಿದವರು ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ. ಚರ್ಮ, ಮೂಳೆ ಕ್ಷಣಕ್ಷಣಕ್ಕೆ ಬದಲಾಗುವುದಿಲ್ಲ, ನಾಡಿ ಮಿಡಿದಾಗ ಬದಲಾಗುವುದು ಅಪಧಮನಿಯ ರಕ್ತ ಮಾತ್ರ. ಆ ಬದಲಾವಣೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಕು ಎಂದು ಅವರು ಕಂಡುಕೊಂಡರು. ಕೈ ತಣ್ಣಗಾಗಿ ನಾಡಿ ಕ್ಷೀಣವಾದಾಗ, ಬೆರಳು ಅಲುಗಿದಾಗ ಅಂಕಿ ತಪ್ಪುವುದು ಇದಕ್ಕೇ. ಗಾಢ ಬಣ್ಣದ ಉಗುರುಬಣ್ಣವೂ ಬೆಳಕಿಗೆ ಅಡ್ಡ ಬರಬಹುದು.

ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ರಕ್ತ ಪರೀಕ್ಷೆಯಲ್ಲಿ ಕಂಡ ಆಮ್ಲಜನಕದ ಕೊರತೆಯನ್ನು ಆಕ್ಸಿಮೀಟರ್ ತಪ್ಪಿಸಿಕೊಂಡದ್ದು ಬಿಳಿಯರಿಗಿಂತ ಕಪ್ಪು ವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ನಮ್ಮಲ್ಲಿ ಎಲ್ಲ ಮೈಬಣ್ಣದವರೂ ಇದ್ದಾರೆ. ಹಾಗಾಗಿ ಒಂದು ಸಲದ ಅಂಕಿಗಿಂತ, ದಿನದಿಂದ ದಿನಕ್ಕೆ ಅದು ಇಳಿಯುತ್ತಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳುವುದು ಹೆಚ್ಚು ಉಪಯುಕ್ತ. ಅಂಕಿ ಚೆನ್ನಾಗಿದ್ದರೂ ರೋಗಿಗೆ ಏದುಸಿರು ಬರುತ್ತಿದ್ದರೆ ರೋಗಿಯನ್ನು ನಂಬಿ, ಯಂತ್ರವನ್ನಲ್ಲ. ರಕ್ತಹೀನತೆ ಇರುವವರಲ್ಲೂ ಅಂಕಿ 98 ತೋರಿಸಬಹುದು. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಗೊತ್ತಿಲ್ಲ.

ಎಲ್ಲಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಬಿಗಿಯಾಗಿ ಅಂಟುತ್ತದೆ, ರಕ್ತ ಆಗಲೂ ಕೆಂಪಗೇ ಇರುತ್ತದೆ. ಎರಡೇ ಬೆಳಕಿನ ಮನೆಯ ಆಕ್ಸಿಮೀಟರ್ ಅದನ್ನು ಆಮ್ಲಜನಕ ಎಂದೇ ಓದಿ ಒಳ್ಳೆಯ ಅಂಕಿ ತೋರಿಸುತ್ತದೆ. ಸ್ನಾನಕ್ಕೆ ಹೋದವರು ತಲೆನೋವು, ತಲೆಸುತ್ತು, ವಾಕರಿಕೆ ಎಂದರೆ ಅಥವಾ ಎಚ್ಚರ ತಪ್ಪಿದರೆ ಅಂಕಿ ನೋಡುತ್ತಾ ಕೂರಬೇಡಿ. ಬಾಗಿಲು ಕಿಟಕಿ ತೆರೆದು, ಅವರನ್ನು ಹೊರಗಿನ ಗಾಳಿಗೆ ತಂದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗೀಸರ್ ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಹಲವು ಬಣ್ಣಗಳ ಬೆಳಕಿನಲ್ಲಿ ರಕ್ತವನ್ನು ಪರೀಕ್ಷಿಸುವ ಕೋ-ಆಕ್ಸಿಮೀಟರ್ ಬೇಕೆಂದು ಅವರಿಗೆ ತಿಳಿಯುವುದು ಆಗ.