ಬೂಷ್ಟಿನ ಬೆನ್ನು ಹತ್ತಿದ ತಿರುಮಲಾಚಾರ್

ರಾಮನಗರ, ಮಾಗಡಿ, ಕನಕಪುರದ ಕಡೆ ಹುಳ ಸಾಕೋ ಮನೆಗಳಿಗೆ ಬೂಷ್ಟಿನ ಭಯ ನಾವು ಹೇಳಿಕೊಡಬೇಕಾಗಿಲ್ಲ. ಸುಣ್ಣಕಟ್ಟು ರೋಗ ಬಂದರೆ ರೇಷ್ಮೆ ಹುಳ ಬೆಳ್ಳಗೆ ಸೆಟೆದುಕೊಂಡು ಸಾಯುತ್ತೆ. ಅದೂ ಒಂದು ಶಿಲೀಂಧ್ರ. ಇಂಥ ಶಿಲೀಂಧ್ರಗಳ ಹಿಂದೆಯೇ ಬದುಕು ಸವೆಸಿದವರು ಎಂ. ಜೆ. ತಿರುಮಲಾಚಾರ್. ಮೈಕ್ರೋಬಯಾಲಜಿಯವರಿಗೆ ದೊಡ್ಡ ಹೆಸರು, ನಮ್ಮ ಕ್ಲಾಸಲ್ಲಿ ಮಾತ್ರ ಯಾರೂ ಕೇಳಿರಲಿಲ್ಲ!

1914ರಲ್ಲಿ ಹುಟ್ಟಿದ ಇವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದರು. ಮೊದಲು ಬೆಳೆಗಳ ತುಕ್ಕು ರೋಗ, ಕಾಡಿಗೆ ರೋಗದ ಅಧ್ಯಯನ, ಬನಾರಸ್‌ನಲ್ಲಿ ಪಾಠ, ಆಮೇಲೆ ಪುಣೆ ಹತ್ತಿರ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್.

ಅಲ್ಲಿನ ಕೆಲಸ ಹೇಳೋಕೆ ಸುಲಭ. ಮಣ್ಣಲ್ಲಿರೋ ಸ್ಟ್ರೆಪ್ಟೋಮೈಸಿಸ್ ಜಾತಿಯ ಸೂಕ್ಷ್ಮಜೀವಿಗಳನ್ನು ಅಗರ್ ತಟ್ಟೆಯಲ್ಲಿ ಕ್ಯಾಂಡಿಡಾ ಯೀಸ್ಟ್ ಪಕ್ಕ ಬೆಳೆಸೋದು, ಯೀಸ್ಟ್ ಬೆಳೆಯದ ಖಾಲಿ ಜಾಗ ಹುಡುಕೋದು. ಕಷ್ಟ ಇರೋದು ಮುಂದೆ. ಯೀಸ್ಟಿನ ಜೀವಕೋಶ ಬ್ಯಾಕ್ಟೀರಿಯಾಗಿಂತ ನಮ್ಮ ಜೀವಕೋಶಕ್ಕೇ ಹತ್ತಿರ, ಅದಕ್ಕೆ ವಿಷವಾದದ್ದು ರೋಗಿಗೂ ವಿಷ ಆಗಬಹುದು. 1961ರಲ್ಲಿ ಅವರ ತಂಡ ಹ್ಯಾಮೈಸಿನ್ ಪ್ರಕಟಿಸಿತು. ಅದನ್ನು ತಯಾರಿಸೋ ಜೀವಿಗೆ ಊರಿನ ಹೆಸರಿಂದಲೇ ಪಿಂಪ್ರಿನಾ ಅಂತ ಹೆಸರಿಟ್ಟರು. ಈ ಬಗೆಯ ಮದ್ದು ಯೀಸ್ಟ್ ಪೊರೆಯ ಎರ್ಗೋಸ್ಟೆರಾಲ್‌ಗೆ ಅಂಟಿ ಪೊರೆಯನ್ನು ಸೋರುವಂತೆ ಮಾಡುತ್ತೆ. ನಮ್ಮ ಪೊರೆಯಲ್ಲಿ ಇರೋದು ಅದರ ನೆಂಟ ಕೊಲೆಸ್ಟೆರಾಲ್, ತೊಂದರೆಯೂ ಅಲ್ಲೇ. ಬೆಳೆ ರೋಗಗಳಿಗೆ ಅಂತ ಆರಿಯೋಫಂಜಿನ್ ಕೂಡ ಇವರ ಕೈಯಿಂದಲೇ ಬಂತು.

1999ರಲ್ಲಿ ಅವರು ತೀರಿಕೊಂಡರು. ಈಗಿನ ಲ್ಯಾಬ್‌ಗಳು 96 ಗುಳಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಕ್ಯಾಂಡಿಡಾದ ಲೋಳೆ ಪದರ, ಅಂದ್ರೆ ಬಯೋಫಿಲ್ಮ್, ಬೆಳೆಸಿ ಮದ್ದು ಪರೀಕ್ಷಿಸುತ್ತವೆ. ಕ್ಯಾತಿಟರ್ ಮೇಲೆ ಕಟ್ಟೋದೂ ಇದೇ ಪದರ. ಬಿಡಿ ಯೀಸ್ಟನ್ನು ಕೊಲ್ಲೋ ಡೋಸ್ ಎಷ್ಟೋ ಸಲ ಇದಕ್ಕೆ ಸಾಲಲ್ಲ.