ಲಿಯೊನಾರ್ಡ್ ರೋಜರ್ಸ್

ಸರ್ ಲಿಯೊನಾರ್ಡ್ ರೋಜರ್ಸ್ (18 ಜನವರಿ 1868 – 16 ಸೆಪ್ಟೆಂಬರ್ 1962) ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಬ್ರಿಟಿಷ್ ವೈದ್ಯ ಹಾಗೂ ರೋಗವಿಜ್ಞಾನಿ. ಕಾಲರಾ ರೋಗಿಯ ರಕ್ತವನ್ನು ಹಾಸಿಗೆಯ ಪಕ್ಕದಲ್ಲೇ ಪರೀಕ್ಷಿಸಿ, ಅಗತ್ಯಕ್ಕೆ ತಕ್ಕಷ್ಟು ಲವಣದ್ರಾವಣವನ್ನು ರಕ್ತನಾಳಕ್ಕೆ ನೀಡುವ ಚಿಕಿತ್ಸಾಕ್ರಮವನ್ನು ರೂಪಿಸಿದ್ದಕ್ಕಾಗಿ ಇವರು ಪ್ರಸಿದ್ಧರಾಗಿದ್ದಾರೆ.

ಆರಂಭಿಕ ಜೀವನ

ರೋಜರ್ಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಶಿಕ್ಷಣ ಪಡೆದು, 1893ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿದರು. ಅಸ್ಸಾಮಿನಲ್ಲಿ ಕಾಲಾ ಆಜಾರ್ ಜ್ವರದ ಅಧ್ಯಯನ ನಡೆಸಿದ ನಂತರ ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ರೋಗವಿಜ್ಞಾನದ ಪ್ರಾಧ್ಯಾಪಕರಾದರು.

ಹಿನ್ನೆಲೆ

19ನೆಯ ಶತಮಾನದ ಭಾರತದಲ್ಲಿ ಕಾಲರಾ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರ್ ಆಗಿದ್ದು ಮುಂದೆ ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ, 1827ರ ಜುಲೈ 6ರಂದು ಅದೇ ಸೀಮೆಯ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಈ ರೋಗದಿಂದ ನಿಧನರಾದರು. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಹಸಿವಿನ ಜೊತೆಗೆ ಕಾಲರಾಕ್ಕೂ ತುತ್ತಾಯಿತು.

ಕಾಲರಾ ರೋಗಿಯ ರಕ್ತವು ನೀರು ಮತ್ತು ಲವಣವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ವಿಲಿಯಂ ಓ'ಶಾನೆಸಿ 1831ರಲ್ಲೇ ತೋರಿಸಿದ್ದರು. ಮರುವರ್ಷ ಸ್ಕಾಟ್ಲೆಂಡಿನ ಥಾಮಸ್ ಲಾಟ್ಟಾ ರಕ್ತನಾಳಕ್ಕೆ ಲವಣದ್ರಾವಣ ನೀಡಿದರು. ಆದರೆ ಈ ಚಿಕಿತ್ಸೆ ನೆಲೆಯೂರಲಿಲ್ಲ.

ಕಾಲರಾ ಸಂಶೋಧನೆ

ಸಾಮಾನ್ಯ ಲವಣದ್ರಾವಣ ಪಡೆದ ರೋಗಿ ಸ್ವಲ್ಪ ಹೊತ್ತು ಚೇತರಿಸಿಕೊಂಡು, ದ್ರವವು ಮತ್ತೆ ಕರುಳಿನ ಮೂಲಕ ಹೊರಹೋಗಿ ಕುಸಿಯುತ್ತಿದ್ದನು. ಹೆಚ್ಚು ಉಪ್ಪಿರುವ ದ್ರಾವಣವು ರಕ್ತನಾಳದಲ್ಲಿ ಹೆಚ್ಚು ಕಾಲ ಉಳಿಯುವುದೆಂದು ರೋಜರ್ಸ್ ತರ್ಕಿಸಿದರು. ಚಿಕಿತ್ಸೆಯನ್ನು ನಿರ್ಧರಿಸಲು ಎರಡು ಅಳತೆಗಳನ್ನು ಬಳಸಿದರು: ರಕ್ತದ ಒತ್ತಡ ಮತ್ತು ರಕ್ತದ ಸಾಪೇಕ್ಷ ಸಾಂದ್ರತೆ. ಗ್ಲಿಸರಿನ್ ಮತ್ತು ನೀರಿನ ವಿವಿಧ ಸಾಂದ್ರತೆಯ ಮಿಶ್ರಣಗಳಲ್ಲಿ ರಕ್ತದ ಹನಿ ಮುಳುಗುವುದೋ ತೇಲುವುದೋ ಎಂದು ನೋಡಿದರೆ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತಿತ್ತು.

ಕಲ್ಕತ್ತಾದಲ್ಲಿ ಆಸ್ಪತ್ರೆಗೆ ಸೇರಿದ ಕಾಲರಾ ರೋಗಿಗಳಲ್ಲಿ ಶೇ. 60ರ ಆಸುಪಾಸಿನಲ್ಲಿದ್ದ ಮರಣ ಪ್ರಮಾಣ, ಈ ಕ್ರಮದಿಂದ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಬದುಕುಳಿದವರಲ್ಲಿ ಕೆಲವರು ಮೂತ್ರಪಿಂಡ ವೈಫಲ್ಯದಿಂದ ಸಾಯುತ್ತಿದ್ದುದರಿಂದ ಮುಂದೆ ಸೋಡಿಯಂ ಬೈಕಾರ್ಬೊನೇಟನ್ನೂ ಸೇರಿಸಿದರು. ಕಾಲರಾ ಚಿಕಿತ್ಸೆಯನ್ನು ಕುರಿತ ಇವರ ಗ್ರಂಥ 1911ರಲ್ಲಿ ಪ್ರಕಟವಾಯಿತು.

ಇತರ ಕಾರ್ಯಗಳು

1912ರಲ್ಲಿ ಅಮೀಬಾ ಆಮಶಂಕೆಗೆ ಎಮೆಟಿನ್ ಚುಚ್ಚುಮದ್ದನ್ನು ಬಳಕೆಗೆ ತಂದರು. ಕಾಲಾ ಆಜಾರ್ ಮತ್ತು ಕುಷ್ಠರೋಗದ ಚಿಕಿತ್ಸೆಯಲ್ಲೂ ಕೆಲಸ ಮಾಡಿದರು. ಕಲ್ಕತ್ತಾದ ಉಷ್ಣವಲಯ ವೈದ್ಯಶಾಲೆಯ ಸ್ಥಾಪನೆಗೆ ಇವರೇ ಮುಖ್ಯ ಪ್ರೇರಕರು. 1914ರಲ್ಲಿ ಸರ್ ಪದವಿಯನ್ನೂ 1916ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವನ್ನೂ ಪಡೆದರು. 1919ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1920ರಲ್ಲಿ ಭಾರತ ಬಿಟ್ಟು ಇಂಗ್ಲೆಂಡಿಗೆ ಮರಳಿದರು.

ವಿಮರ್ಶೆ ಮತ್ತು ಪ್ರಭಾವ

ರೋಜರ್ಸ್ ತಮ್ಮ ಫಲಿತಾಂಶಗಳನ್ನು ಹಿಂದಿನ ವರ್ಷಗಳ ಮರಣಸಂಖ್ಯೆಯೊಂದಿಗೆ ಹೋಲಿಸಿದ್ದರು; ಒಂದೇ ಕಾಲದ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುವ ಪದ್ಧತಿ ಆಗ ಇನ್ನೂ ರೂಢಿಯಲ್ಲಿರಲಿಲ್ಲ. ಹಾವಿನ ಕಡಿತದ ಗಾಯಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಚ್ಚಬೇಕೆಂಬ ಇವರ ಸಲಹೆ ನಿಷ್ಪ್ರಯೋಜಕವೆಂದು ನಂತರ ತಿಳಿದುಬಂದಿತು. ಕಾಲರಾ ಚಿಕಿತ್ಸೆಯಲ್ಲೂ ಹೆಚ್ಚು ಉಪ್ಪಿನ ದ್ರಾವಣದ ಸ್ಥಾನವನ್ನು ರಕ್ತಕ್ಕೆ ಸಮನಾದ ದ್ರಾವಣಗಳೂ, 1960ರ ದಶಕದ ಕೊನೆಯ ವೇಳೆಗೆ ಬಾಯಿಯ ಮೂಲಕ ನೀಡುವ ಉಪ್ಪು-ಸಕ್ಕರೆಯ ದ್ರಾವಣವೂ ಪಡೆದುಕೊಂಡವು.

ಆದರೆ ಮೊದಲು ಅಳೆದು, ನಂತರ ಕಳೆದುಹೋದ ದ್ರವವನ್ನು ತುಂಬುವ ತತ್ತ್ವ ಉಳಿದುಕೊಂಡಿದೆ. ಸಿರುಗುಪ್ಪ ಅಥವಾ ಕುರುಗೋಡಿನ ಕಡೆಯಿಂದ ತೀವ್ರ ವಾಂತಿಭೇದಿಯಾಗಿ ಬಳ್ಳಾರಿಯ ಆಸ್ಪತ್ರೆಗೆ ಬರುವ ರೋಗಿಯ ನಾಡಿ ಮತ್ತು ರಕ್ತದೊತ್ತಡವನ್ನು ನೋಡಿ ಡ್ರಿಪ್ ಹಾಕುವ ಇಂದಿನ ಕ್ರಮವೂ ಇದೇ ತತ್ತ್ವವನ್ನು ಅನುಸರಿಸುತ್ತದೆ.

ನಿಧನ

ರೋಜರ್ಸ್ 1962ರ ಸೆಪ್ಟೆಂಬರ್ 16ರಂದು ಕಾರ್ನ್‌ವಾಲ್‌ನ ಟ್ರೂರೋದಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು.